ಖಂಡಿತಮ್ಮನ ಬಿಳಿ ತಟ್ಟೆ

ನಮ್ಮ ಅತ್ತಿಗೆಗೆ ಬೀದಿಯವರು ಇಟ್ಟ ಹೆಸರು ಖಂಡಿತಮ್ಮ. ಏನು ಕೇಳಿದರೂ ಅವಳ ಉತ್ತರ ‘ಖಂಡಿತ’ ಎಂದೇ ಶುರುವಾಗುತ್ತದೆ. ಫೋಟೋ ನಾಳೆ ಸಿಗುತ್ತದೆಯೇ ಎಂದರೆ ಖಂಡಿತ. ನನ್ನ ಮೂಗು ನಿಜಕ್ಕೂ ಇಷ್ಟು ದಪ್ಪ ಇದೆಯೇ ಎಂದರೆ ಅದಕ್ಕೂ ಖಂಡಿತ. ಹಾಗೆ ಹೇಳಿಸಿಕೊಂಡ ಗಿರಾಕಿ ಎದ್ದು ಹೋಗಬೇಕು, ಆದರೆ ಹೋಗುವುದಿಲ್ಲ. ಅಷ್ಟರಲ್ಲಿ ಅವಳು ದೀಪವನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ ಆ ಮೂಗಿನ ಅರ್ಧ ಭಾರ ಇಳಿಸಿರುತ್ತಾಳೆ.

ನಾನು ಅವಳ ನಾದಿನಿ. ಅತ್ತಿಗೆಯ ಬಗ್ಗೆ ನಾದಿನಿ ನಾಲ್ಕು ಒಳ್ಳೆಯ ಮಾತು ಬರೆಯುವುದು ಲೋಕರೂಢಿಯಲ್ಲ, ಅದರಲ್ಲೂ ಸಿಟ್ಟು ಸದಾ ಮೂಗಿನ ತುದಿಯಲ್ಲಿರುವ ನನ್ನಂಥವಳು. ಆದರೂ ಬರೆಯುತ್ತಿದ್ದೇನೆ. ಈ ಕತೆಯಲ್ಲಿ ನನ್ನದೊಂದು ತಪ್ಪಿದೆ. ಅದನ್ನು ಅವಳು ಇಂದಿನವರೆಗೂ ಯಾರೆದುರೂ ಎತ್ತಿಲ್ಲ, ಹಾಗಾಗಿ ನಾನೇ ಹೇಳಬೇಕಾಗಿದೆ.

ನಮ್ಮ ಸ್ಟುಡಿಯೋ ಇರುವುದು ಗುಂಡಿ, ಜಿಪ್ಪು, ದಾರ ಮಾರುವ ಅಂಗಡಿಯ ಮೇಲೆ. ಹದಿನೇಳು ಮೆಟ್ಟಿಲು ಹತ್ತಿದರೆ ಮೊದಲು ನನ್ನ ಮೇಜು, ಫೋಟೋ ಕತ್ತರಿಸುವ ಯಂತ್ರ, ನನ್ನ ಗಂಟುಮುಖ. ಒಳಗೆ ಹನ್ನೆರಡು ಹೆಜ್ಜೆ ಉದ್ದದ ಕೋಣೆ, ಬೂದು ಗೋಡೆ, ಹಲಗೆ ಹೊಡೆದು ಮುಚ್ಚಿದ ಒಂದು ಕಿಟಕಿ. ಬಿಸಿಲು ಗಂಟೆಗೊಂದು ಬಣ್ಣ ತೋರಿಸುತ್ತದೆ ಎಂದು ಅಪ್ಪ ಅದನ್ನು ಮುಚ್ಚಿಸಿದ್ದರು. ಸ್ಟುಡಿಯೋ ಶುರುಮಾಡಿದ್ದೂ ಅವರೇ. ಅಣ್ಣನಿಗೆ ಕ್ಯಾಮೆರಾ ಕಂಡರೆ ಆಕಳಿಕೆ ಬರುತ್ತಿತ್ತು, ಅವನು ಲಿಫ್ಟ್ ರಿಪೇರಿಯ ಕೆಲಸಕ್ಕೆ ಹೋದ. ಸೊಸೆಯಾಗಿ ಬಂದವಳು ಮೂರನೇ ತಿಂಗಳಿಗೆ ಮಾವನ ಹಿಂದೆ ನಿಂತು ಫ್ಲ್ಯಾಶ್ ದೀಪದ ತಂತಿ ಸುತ್ತಲು ಕಲಿತಳು.

ಸ್ಟುಡಿಯೋದ ಫ್ಲ್ಯಾಶ್ ದೀಪ ಮನೆಯ ದೀಪದಂತೆ ಉರಿಯುತ್ತಾ ಕೂರುವುದಿಲ್ಲ. ಕರೆಂಟನ್ನು ಹೊಟ್ಟೆಯೊಳಗೆ ತುಂಬಿಕೊಂಡು, ಕ್ಯಾಮೆರಾ ಕರೆದ ಕ್ಷಣಕ್ಕೆ ಎಲ್ಲವನ್ನೂ ಒಂದೇ ಸಲ ಹೊರಗೆ ಚೆಲ್ಲುತ್ತದೆ. ಎಷ್ಟು ಚೆಲ್ಲಿತು, ಯಾವ ಬಣ್ಣದ್ದು ಚೆಲ್ಲಿತು ಎಂಬುದು ಕಣ್ಣಿಗೆ ತಿಳಿಯುವುದಿಲ್ಲ, ಫೋಟೋ ನೋಡಿದ ಮೇಲೆಯೇ ತಿಳಿಯಬೇಕು. ಅಪ್ಪನ ಬಳಿ ಇದ್ದ ದೀಪಗಳು ಎರಡು. ಒಂದೊಂದೂ ಒಂದೊಂದು ಹಿಟ್ಟಿನ ಚೀಲದಷ್ಟು ಭಾರ. ಅವಕ್ಕೆ ಪೂರ್ತಿ, ಅರ್ಧ ಎಂಬ ಎರಡೇ ಸ್ವಿಚ್ಚು. ಬೆಳಕು ಇನ್ನೂ ಕಡಿಮೆ ಬೇಕೆಂದರೆ ದೀಪವನ್ನು ಎಳೆದುಕೊಂಡು ಹಿಂದೆ ಹೋಗಬೇಕು. ಎರಡರಷ್ಟು ದೂರ ಹೋದರೆ ಬೆಳಕು ಕಾಲು ಪಾಲಿಗೆ ಇಳಿಯುತ್ತದೆ ಎಂಬುದು ಅಪ್ಪನ ಮಗ್ಗಿ. ಅದಕ್ಕಾಗಿ ನೆಲದ ಮೇಲೆ ಬಿಳಿ ಬಣ್ಣದಲ್ಲಿ ನಾಲ್ಕು ಗೆರೆ ಎಳೆದಿದ್ದರು. ಅತ್ತಿಗೆ ಕಣ್ಣು ಮುಚ್ಚಿಕೊಂಡು ದೀಪ ಎಳೆದರೂ ಗೆರೆಯ ಮೇಲೆಯೇ ನಿಲ್ಲಿಸುತ್ತಿದ್ದಳು.

ಬಿಳಿ ತಟ್ಟೆಯ ಪರೀಕ್ಷೆ ಮಾತ್ರ ಅವಳ ಸ್ವಂತದ್ದು. ಅಪ್ಪ ಎರಡನೇ ದೀಪವನ್ನು ಸ್ಟುಡಿಯೋಗೆ ತಂದ ದಿನ, ಅವಳು ಮನೆಯ ಅಡುಗೆಕೋಣೆಯಿಂದ ಒಂದು ಪಿಂಗಾಣಿ ತಟ್ಟೆ ತಂದು ಬೂದು ಗೋಡೆಗೆ ಒರಗಿಸಿ, ಒಂದರ ಹಿಂದೊಂದು ಮೂವತ್ತು ಫೋಟೋ ತೆಗೆದಳು. ಸೊಸೆಗೆ ತಲೆ ಕೆಟ್ಟಿತೇ ಎಂದು ಅಪ್ಪ ನೋಡುತ್ತಾ ನಿಂತಿದ್ದರು.

“ಮಾವ, ಜನ ಅಲ್ಲಾಡ್ತಾರೆ, ನಗ್ತಾರೆ, ಮುಖ ಸಿಂಡರಿಸ್ತಾರೆ. ತಟ್ಟೆ ಏನೂ ಮಾಡಲ್ಲ. ಮೂವತ್ತರಲ್ಲಿ ಒಂದು ಬೇರೆ ಥರ ಬಂದ್ರೂ ಅದು ಖಂಡಿತ ದೀಪದ ಬುದ್ಧಿ” ಎಂದಳು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಅಪ್ಪ ಅಂದಿನಿಂದ ಬಂದವರಿಗೆಲ್ಲ ಹೇಳತೊಡಗಿದರು, ತಾವೇ ಕಟ್ಟಿದ ಗಾದೆ ಎಂಬಂತೆ. ತಟ್ಟೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ತಂತಿಯ ಹಿಡಿಕೆ ಕಟ್ಟಿಸಿಕೊಂಡು ಸ್ಟುಡಿಯೋದ ಮೊಳೆಗೆ ನೇತುಬಿತ್ತು. ಹೊಸ ಬಲ್ಬು ಬರಲಿ, ಬೆಳಕು ಹರಡುವ ಹೊಸ ಛತ್ರಿ ಬರಲಿ, ಅದು ತಟ್ಟೆಯ ಮುಂದೆ ಮೂವತ್ತು ಸಲ ನಿಂತೇ ಒಳಗೆ ಬರಬೇಕು.

ಅಪ್ಪ ಹೋದ ಮೇಲೆ ಸ್ಟುಡಿಯೋವನ್ನು ನಾವಿಬ್ಬರೇ ನಡೆಸಿದೆವು. ಆಮೇಲೆ ಹಲ್ಲಿನ ಕೆಲಸ ಬಂತು. ಕೃತಕ ಹಲ್ಲು ಮಾಡುವವರೊಬ್ಬರು ಐದು ಗಂಟೆ ಪ್ರಯಾಣದಷ್ಟು ದೂರದ ಊರಿನಲ್ಲಿದ್ದಾರೆ. ಬಳೆಗಾರರು ಎಂಬ ಹಾಗೆ ನಾವು ಅವರನ್ನು ಹಲ್ಲುಗಾರರು ಎನ್ನುತ್ತೇವೆ. ನಮ್ಮ ಬೀದಿಯ ದಂತವೈದ್ಯೆ ಹಲ್ಲಿನ ಅಚ್ಚನ್ನು ಅವರಿಗೆ ಅಂಚೆಯಲ್ಲಿ ಕಳಿಸುತ್ತಾರೆ. ಅಚ್ಚಿನಲ್ಲಿ ಆಕಾರ ಹೋಗುತ್ತದೆ, ಬಣ್ಣ ಹೋಗುವುದಿಲ್ಲ. ಬಣ್ಣ ಕಳಿಸುವ ಕೆಲಸ ಅತ್ತಿಗೆಯದು. ಹಲ್ಲುಗಾರರು ಕೊಟ್ಟ ಒಂದು ಪಟ್ಟಿಯಲ್ಲಿ ಹದಿನಾರು ಬಣ್ಣದ ಹದಿನಾರು ಮಾದರಿ ಹಲ್ಲುಗಳು ಬಾಚಣಿಗೆಯಂತೆ ಸಾಲಾಗಿ ನಿಂತಿವೆ. ಮೊದಲು ಆ ಬಾಚಣಿಗೆಯ ಫೋಟೋ, ನಂತರ ದೀಪ ಮುಟ್ಟದೆ ಬಾಯಿಯ ಫೋಟೋ. ಬಾಚಣಿಗೆ ನೋಡಿ ಅವರು ತಮ್ಮ ಕಂಪ್ಯೂಟರಿನಲ್ಲಿ ಬಣ್ಣ ಹೊಂದಿಸಿಕೊಳ್ಳುತ್ತಾರೆ, ಬಾಯಿ ನೋಡಿ ಹಲ್ಲು ಮಾಡುತ್ತಾರೆ. ಹಲ್ಲು ಬೆಳ್ಳಗಿದೆ ಎಂದು ನಾವು ಸುಮ್ಮನೆ ಅನ್ನುತ್ತೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಹದಿನಾರು ಬಿಳುಪುಗಳಿವೆ ಎಂಬುದು ನನಗೂ ಆಗಲೇ ಗೊತ್ತಾದದ್ದು. ಮೂರು ವರ್ಷದಲ್ಲಿ ನಲವತ್ತು ಹಲ್ಲು ಹೋಗಿದ್ದವು, ಒಂದೂ ವಾಪಸು ಬಂದಿರಲಿಲ್ಲ. ಅತ್ತಿಗೆ ಬೀದಿಯಲ್ಲಿ ಯಾರಾದರೂ ನಕ್ಕರೆ ನಿಂತು ನೋಡುತ್ತಿದ್ದಳು, ಇದು ನಾನು ಹಿಡಿದ ಹಲ್ಲು ಎಂಬ ಗತ್ತಿನಲ್ಲಿ.

ಅವಳು ತವರಿಗೆ ಹೋಗಿದ್ದ ಒಂದು ವಾರದಲ್ಲಿ ಹಲ್ಲಿನ ಫೋಟೋಗೆ ಬಳಸುತ್ತಿದ್ದ ಅಪ್ಪನ ದೊಡ್ಡ ದೀಪ ಢಬ್ಬೆಂದು ಸದ್ದು ಮಾಡಿ ಕಣ್ಣು ಮುಚ್ಚಿತು. ಮರುದಿನವೇ ನಾನು ಅಂಗಡಿಗೆ ಹೋಗಿ ಹೊಸದು ತಂದೆ. ಆರಿಸಿದ್ದು ಹೇಗೆ ಎಂದು ಈಗ ಹೇಳಲು ನಾಚಿಕೆಯಾಗುತ್ತದೆ. ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ದೊಡ್ಡ ನಂಬರ್ ಇತ್ತು. ಒಂದೇ ಕೈಯಲ್ಲಿ ಎತ್ತಬಹುದಿತ್ತು. ಹಿಂದೆ ಒಂದು ಡಯಲ್ ಇತ್ತು, ತಿರುಗಿಸಿದರೆ ಬೆಳಕು ಪೂರ್ತಿಯಿಂದ ಮೂವತ್ತೆರಡನೇ ಒಂದು ಪಾಲಿನವರೆಗೆ ಇಳಿಯುತ್ತಿತ್ತು. ಇನ್ನು ಗೆರೆಯಿಂದ ಗೆರೆಗೆ ದೀಪ ಎಳೆಯುವ ಕರ್ಮ ಮುಗಿಯಿತು ಎಂದುಕೊಂಡೆ.

ಅತ್ತಿಗೆ ಬಂದವಳೇ ದೀಪ ಎತ್ತಿ ನೋಡಿದಳು. ಡಯಲ್ ತಿರುಗಿಸಿದಳು. ಮೊಳೆಯ ಮೇಲಿದ್ದ ತಟ್ಟೆಯ ಕಡೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ಬೀಗುತ್ತಾ ನಿಂತಿದ್ದೆ.

“ಖಂಡಿತ ಚೆನ್ನಾಗಿದೆ ಕಣೆ” ಎಂದಳು. ತಟ್ಟೆ ತೆಗೆಯಲಿಲ್ಲ.

ಅದಾಗಿ ಎರಡು ತಿಂಗಳಿಗೆ ಈಜಿನ ಟೀಚರ್ ಬಂದದ್ದು. ಸಾರ್ವಜನಿಕ ಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವರು, ಅಗಲ ಭುಜದ, ದೊಡ್ಡ ದನಿಯ ಹೆಂಗಸು. ಒದ್ದೆ ಅಂಚಿನಲ್ಲಿ ಜಾರಿ ಕಬ್ಬಿಣದ ಏಣಿಗೆ ಬಾಯಿ ಬಡಿದು ಮುಂದಿನ ಒಂದು ಹಲ್ಲು ಅರ್ಧಕ್ಕೆ ಮುರಿದಿತ್ತು. ಕೈ ಬಾಯಿಗೆ ಅಡ್ಡ ಹಿಡಿದೇ ಮಾತಾಡುತ್ತಿದ್ದರು.

“ಮಕ್ಕಳು ನೀರಿಗಿಳಿಯೋಕೆ ಹೆದರ್ತಾವೆ ನೋಡಿ. ನಾನು ನಕ್ಕರೆ ಇಳೀತಾವೆ. ಈಗ ಬಾಯಿ ಮುಚ್ಕೊಂಡು ವಿಷಲ್ ಊದ್ತೀನಿ, ಪೊಲೀಸ್ ಥರ” ಎಂದರು.

“ಪಕ್ಕದ ಹಲ್ಲಿಗೆ ಅಕ್ಕತಂಗಿ ಥರ ಹೊಂದೋ ಹಲ್ಲು ಬರುತ್ತೆ, ಖಂಡಿತ” ಎಂದಳು ಅತ್ತಿಗೆ.

ಬಾಚಣಿಗೆಯ ಫೋಟೋ ಆಯಿತು. ಟೀಚರ್ ಬಾಯಿಗೆ ತುಟಿ ಎಳೆದು ಹಿಡಿಯುವ ಪ್ಲಾಸ್ಟಿಕ್ ಹಾಕಿದೆವು. ಫ್ಲ್ಯಾಶ್ ಹೊಡೆದ ಕೂಡಲೇ ಅವರು ಬೆಚ್ಚಿ ತಲೆ ಹಿಂದಕ್ಕೆ ಎಳೆದರು. ಕೊಳದ ಔಷಧಿ ನೀರಿನಿಂದ ಅವರ ಕಣ್ಣು ಕೆಂಪಾಗಿ ಉರಿಯುತ್ತಿದ್ದವು. ಮತ್ತೆ ಹೊಡೆದರೆ ಮತ್ತೆ ಅದೇ, ಕಣ್ಣಿನಲ್ಲಿ ನೀರು. ಬಾಯಿ ಬಹಳ ಹೊತ್ತು ತೆರೆದಿಟ್ಟರೆ ಹಲ್ಲು ಒಣಗಿ ಇದ್ದದ್ದಕ್ಕಿಂತ ಬೆಳ್ಳಗಾಗುತ್ತದೆ, ಕಾಯಲು ಸಮಯವಿಲ್ಲ. ಅತ್ತಿಗೆ ಕನಿಕರದಿಂದ ಡಯಲ್ ತಿರುಗಿಸಿ ಬೆಳಕನ್ನು ಎಂಟನೇ ಒಂದು ಪಾಲಿಗೆ ಇಳಿಸಿದಳು, ಅಷ್ಟೇ ಲೆಕ್ಕಕ್ಕೆ ಕ್ಯಾಮೆರಾದ ಕಣ್ಣನ್ನು ಹೆಚ್ಚು ತೆರೆದಳು. ಈ ಸಲ ಟೀಚರ್ ಅಲ್ಲಾಡಲಿಲ್ಲ. ಫೋಟೋ ಸೊಗಸಾಗಿ ಬಂತು. ನೋಡು, ಡಯಲ್ ಎಷ್ಟು ಉಪಯೋಗಕ್ಕೆ ಬಂತು ಎಂದು ನಾನು ಹೇಳಿಯೂ ಹೇಳಿದೆ.

ಮೂರು ವಾರದ ನಂತರ ಟೀಚರ್ ಮತ್ತೆ ಮೆಟ್ಟಿಲು ಹತ್ತಿ ಬಂದರು. ಕೈ ಬಾಯಿಗೆ ಅಡ್ಡವಾಗಿಯೇ ಇತ್ತು.

“ನಿನ್ನೆ ಒಂದು ಪುಟ್ಟ ಹುಡುಗಿ ಕೇಳಿದ್ಲು, ಟೀಚರ್, ಆ ಹಲ್ಲಿಗೆ ಮಾತ್ರ ಯಾಕೆ ಜಾಸ್ತಿ ವಯಸ್ಸಾಗಿದೆ ಅಂತ” ಎಂದು ಕೈ ತೆಗೆದರು.

ನಮ್ಮ ಕೋಣೆಯೊಳಗೂ ಕಾಣುತ್ತಿತ್ತು. ಆಕಾರ ಚೊಕ್ಕವಾಗಿತ್ತು, ಬಣ್ಣ ಹಳದಿ. ಅತ್ತಿಗೆ ತಕ್ಷಣ ಹಲ್ಲುಗಾರರಿಗೆ ಫೋನ್ ಮಾಡಿದಳು, ದನಿಯಲ್ಲಿ ಜಗಳಕ್ಕೆ ನಿಂತ ಗಟ್ಟಿತನವಿತ್ತು.

“ಫೋಟೋದಲ್ಲಿ ಹ್ಯಾಗಿತ್ತೋ ಹಾಗೇ ಮಾಡಿದ್ದೀನಮ್ಮ” ಎಂದರು ಅವರು.

“ನನ್ನ ಫೋಟೋ ಖಂಡಿತ ಸರಿ ಇದೆ.”

“ಹಾಗಾದ್ರೆ ನಮ್ಮಿಬ್ಬರನ್ನೂ ಬಿಟ್ಟು ಹಲ್ಲೇ ಸುಳ್ಳು ಹೇಳ್ತಿರಬೇಕು. ಒಂದು ವಿಷಯ ನೆನಪಿಟ್ಕೊಳಿ. ಡಾಕ್ಟರ್ ಹೇಳಿದ್ದಾರೆ, ಒಳಗೆ ಉಳಿದಿರೋ ಹಲ್ಲಿನ ಮೋಟು ಸಣ್ಣದು. ಮೇಲಿನದನ್ನ ಇನ್ನೊಂದೇ ಸಲ ಬಿಡಿಸಬಹುದು. ಅದೂ ತಪ್ಪಿದ್ರೆ ಆ ಹಲ್ಲೇ ಹೋಗುತ್ತೆ.”

ಫೋನ್ ಇಟ್ಟವಳೇ ಮೊಳೆಯಿಂದ ತಟ್ಟೆ ತೆಗೆದಳು. ಗೋಡೆಗೆ ಒರಗಿಸಿ ಪೂರ್ತಿ ಬೆಳಕಿನಲ್ಲಿ ಒಂದು ಫೋಟೋ, ಅರ್ಧದಲ್ಲಿ ಒಂದು, ಕಾಲಿನಲ್ಲಿ ಒಂದು, ಎಂಟನೇ ಪಾಲಿನಲ್ಲಿ ಒಂದು ತೆಗೆದಳು. ನಾಲ್ಕನ್ನೂ ನನ್ನ ಕಂಪ್ಯೂಟರಿನ ಪರದೆಯ ಮೇಲೆ ಸಾಲಾಗಿ ಇಟ್ಟಳು. ಮೊದಲ ತಟ್ಟೆ ಬಿಳಿ. ಎರಡನೆಯದೂ ಸುಮಾರು ಬಿಳಿಯೇ. ಮೂರನೆಯದು ಕೆನೆ. ನಾಲ್ಕನೆಯದು ಬೆಣ್ಣೆಯ ಬಣ್ಣ. ನಾನು ಆರಿಸಿ ತಂದ ದೀಪ, ಬೆಳಕು ಇಳಿಸಿದಂತೆಲ್ಲ ಹಳದಿಗೆ ಇಳಿಯುತ್ತಿತ್ತು. ಬಾಚಣಿಗೆಯನ್ನು ಬಿಳಿ ಬೆಳಕಿನಲ್ಲಿ ಹಿಡಿದು, ಹಲ್ಲನ್ನು ಹಳದಿ ಬೆಳಕಿನಲ್ಲಿ ಹಿಡಿದಿದ್ದೆವು.

ಈಗ ಬೈಗುಳ ಬರುತ್ತದೆ ಎಂದು ಕಾದೆ, ತಿರುಗಿ ಬೈಯಲು ಮಾತುಗಳನ್ನೂ ಕೂಡಿಸಿಟ್ಟುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಡಯಲ್ ತಿರುಗಿಸಿದವಳು ನೀನು ಎನ್ನೋಣ ಎಂದಿದ್ದೆ. ಅತ್ತಿಗೆ ಮತ್ತೆ ಫೋನ್ ಎತ್ತಿದಳು.

“ತಪ್ಪು ನಂದು. ಫೋಟೋ ತಪ್ಪು. ನಿಮ್ಮ ಹಲ್ಲು ಸರಿ” ಎಂದಳು. ಟೀಚರ್ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ ಹೇಳಿದಳು. ಈ ಮನೆಗೆ ಬಂದ ಇಪ್ಪತ್ತಾರು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ.

ಟೀಚರ್ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. “ದೀಪ ತಂದವಳು ನಾನು ಅಂತ ಯಾಕೆ ಹೇಳಲಿಲ್ಲ?”

“ತಂದಿದ್ದು ನೀನು. ತಟ್ಟೆ ಇಡದೇ ಒಳಗೆ ಬಿಟ್ಕೊಂಡಿದ್ದು ನಾನು. ನಿನ್ನ ಮುಖ ನೋಡಿ ಬಿಟ್ಕೊಂಡೆ. ಮುಖ ನೋಡೋದು ನನ್ನ ಕೆಲಸ, ನಿಜ. ಆದ್ರೆ ದೀಪಕ್ಕೆ ಬಂದಾಗ ತಟ್ಟೆ ನೋಡ್ಬೇಕಿತ್ತು” ಎಂದಳು.

ನನಗೆ ಅಳು ಬಂತು. ಸಿಟ್ಟಿನವರಿಗೆ ಅಳು ಬಂದರೆ ಮರೆಮಾಚಲು ಬರುವುದಿಲ್ಲ, ಕತ್ತರಿ ಯಂತ್ರದಲ್ಲಿ ಸುಮ್ಮನೆ ಖಾಲಿ ಕಾಗದ ಕತ್ತರಿಸುತ್ತಾ ಕೂತೆ.

ಇನ್ನು ಮುಂದೆ ಬಾಚಣಿಗೆಯಿಂದ ಒಂದು ಮಾದರಿ ಹಲ್ಲು ಬಿಡಿಸಿ ಬಾಯಿಯ ಪಕ್ಕದಲ್ಲೇ ಹಿಡಿದು ಒಂದೇ ಫೋಟೋದಲ್ಲಿ ತೆಗೆಯಿರಿ, ದೀಪ ಹೇಗಿದ್ದರೂ ತಿಳಿಯುತ್ತದೆ ಎಂದು ಹಲ್ಲುಗಾರರು ಸಲಹೆ ಕೊಟ್ಟರು. ಅತ್ತಿಗೆ ಒಪ್ಪಿದಳು, ಆದರೆ ದೀಪವನ್ನು ಮಾತ್ರ ಕ್ಷಮಿಸಲಿಲ್ಲ. “ಸಾಕ್ಷಿ ಪಕ್ಕದಲ್ಲಿದೆ ಅಂತ ಸುಳ್ಳನ್ನ ಮನೇಲಿಟ್ಕೊಳ್ಳೋಕಾಗುತ್ತಾ?” ಎಂದಳು. ಮಾರನೇ ದಿನ ನಾವಿಬ್ಬರೂ ದೀಪದ ಅಂಗಡಿಗೆ ಹೊರಟೆವು. ಕ್ಯಾಮೆರಾ ಅತ್ತಿಗೆಯ ಹೆಗಲಲ್ಲಿತ್ತು, ತಟ್ಟೆ ಟವೆಲಿನಲ್ಲಿ ಸುತ್ತಿಕೊಂಡು ನನ್ನ ತೊಡೆಯ ಮೇಲೆ ಕೂತು ಬಸ್ಸಿನಲ್ಲಿ ಬಂತು.

ಅಂಗಡಿಯವನು ಮಾತಿನ ಮಲ್ಲ. ಇದು ಇಷ್ಟು ಶಕ್ತಿಯದು, ಇದನ್ನು ಫೋನಿನಿಂದಲೇ ನಡೆಸಬಹುದು, ಇದಕ್ಕೆ ಏಳು ಬಣ್ಣ ಬರುತ್ತವೆ ಎಂದು ಒಂದೇ ಉಸಿರಿಗೆ ಹೇಳಿದ.

“ನಮ್ಮ ಕೋಣೆ ಹನ್ನೆರಡು ಹೆಜ್ಜೆ. ಇಷ್ಟು ಶಕ್ತಿ ತಗೊಂಡು ಏನು ಮಾಡ್ಲಿ, ಎದುರು ಮನೆಯವರ ಫೋಟೋ ತೆಗೀಲಾ? ಮೂವತ್ತು ಸಲ ಒಂದೇ ಥರ ಹೊಡೆಯುತ್ತಾ ಅಷ್ಟು ಹೇಳಪ್ಪ” ಎಂದಳು ಅತ್ತಿಗೆ.

“ಎಲ್ಲಾ ದೀಪನೂ ಹೊಡೆಯುತ್ತೆ ಮೇಡಂ.”

ಅವಳು ಟವೆಲ್ ಬಿಚ್ಚಿದಳು. ಅಂಗಡಿಯವನು ತಟ್ಟೆ ನೋಡಿ ಊಟಕ್ಕೆ ಬಂದಿದ್ದೀರಾ ಎಂದು ಕೇಳಿದ. ಅವಳು ನಗಲಿಲ್ಲ, ಅವನಿಂದಲೇ ಒಂದು ಬೂದು ಬಟ್ಟೆ ಕಟ್ಟಿಸಿದಳು.

ಮೊದಲ ದೀಪದಲ್ಲಿ ಮೂವತ್ತಕ್ಕೆ ನಾಲ್ಕು ತಟ್ಟೆ ಕಪ್ಪಾದವು. ಹೊಟ್ಟೆ ತುಂಬುವ ಮೊದಲೇ ತುಂಬಿತು ಎಂದು ಹಸಿರು ದೀಪ ತೋರಿಸುವ ಚಾಳಿ ಅದಕ್ಕೆ. ಎರಡನೆಯದು ಪೂರ್ತಿಯಲ್ಲಿ ಚೆನ್ನಾಗಿತ್ತು, ಇಳಿಸಿದರೆ ನೀಲಿಗೆ ಹೋಗುತ್ತಿತ್ತು. ಹೀಗೆ ಐದು ದೀಪ ಸೋತವು. ಆರನೆಯದು ಕೆಳಗಿನ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಭಾರ, ದಪ್ಪ, ಒಳಗಿನ ಫ್ಯಾನು ಗೊರಕೆ ಹೊಡೆಯುತ್ತಿತ್ತು, ಫೋನಿನ ಮಾತು ಕೇಳುತ್ತಿರಲಿಲ್ಲ.

“ಅದನ್ನ ಯಾರೂ ಕೇಳಲ್ಲ ಮೇಡಂ” ಎಂದ ಅವನು, ಈ ಹೊತ್ತಿಗೆ ತಾನೇ ಆಸೆಯಿಂದ ಕ್ಯಾಮೆರಾದ ಪರದೆ ನೋಡುತ್ತಾ.

ಪೂರ್ತಿಯಲ್ಲಿ ಮೂವತ್ತು, ಎಂಟನೇ ಪಾಲಿನಲ್ಲಿ ಮೂವತ್ತು. ಅತ್ತಿಗೆ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

“ನೀನೇ ಆರಿಸು” ಎಂದಳು.

“ನಾನಾ? ಹೋದ ಸಲ ಆರಿಸಿದ್ದು ಸಾಲ್ದಾ?”

“ಹೋದ ಸಲ ಪೆಟ್ಟಿಗೆ ನೋಡಿ ಆರಿಸ್ದೆ. ಈಗ ತಟ್ಟೆ ನೋಡಿ ಆರಿಸು. ದಿನಾ ಫೋಟೋ ಕತ್ತರಿಸೋ ಕಣ್ಣು ನಿಂದು, ನನಗಿಂತ ಚುರುಕು.”

ಅರವತ್ತು ತಟ್ಟೆಗಳನ್ನು ಒಂದೊಂದಾಗಿ ನೋಡಿದೆ. ಹುಡುಕಿ ಹುಡುಕಿ ನೋಡಿದೆ, ತಪ್ಪು ಸಿಗಲಿ ಎಂದೇ ನೋಡಿದೆ. ಅರವತ್ತೂ ಒಂದೇ ತಟ್ಟೆ. “ಇದೇ” ಎಂದೆ. ಅದನ್ನು ಹದಿನೇಳು ಮೆಟ್ಟಿಲು ಹೊತ್ತು ತಂದವಳೂ ನಾನೇ, ಮಧ್ಯದಲ್ಲಿ ಎರಡು ಕಡೆ ಕೂತೆ.

ಟೀಚರ್ ಎರಡನೇ ಸಲ ಕುರ್ಚಿಯಲ್ಲಿ ಕೂತಾಗ ನಾನು ಮಾದರಿ ಹಲ್ಲನ್ನು ಒರೆಸಿದ್ದೇ ಒರೆಸಿದೆ. ಅತ್ತಿಗೆ ಮಾತ್ರ ಏನೂ ಆಗಿಲ್ಲವೆಂಬಂತೆ ದೀಪವನ್ನು ಮೂರನೇ ಗೆರೆಗೆ ಎಳೆದು ನಿಲ್ಲಿಸಿದಳು. ಡಯಲಿನ ಮೇಲೆ ನನ್ನ ಕೈಯಿಂದಲೇ ಅಂಟುಪಟ್ಟಿ ಹಚ್ಚಿಸಿದ್ದಳು, ಯಾರೂ ಮುಟ್ಟದ ಹಾಗೆ. “ಬೆಳಕು ಕಮ್ಮಿ ಬೇಕಂದ್ರೆ ದೂರ ಹೋಗೋಣ. ದೂರ ಹೋದ್ರೆ ಬೆಳಕು ಬಣ್ಣ ಬದಲಾಯಿಸಲ್ಲ” ಎಂದಳು. ಆದರೂ ಟೀಚರ್ ಕಣ್ಣು ಕೆಂಪಾಗಿಯೇ ಇದ್ದವು. ಮತ್ತೆ ಬೆಚ್ಚಿದರೆ ಏನು ಮಾಡುವುದು ಎಂದು ನಾನು ಪಿಸುಗುಟ್ಟಿದೆ.

ಟೀಚರಿಗೆ ಕೇಳಿಸಿತು. “ಅಲ್ಲಮ್ಮ, ನಿಮಗೆ ಬೇಕಾಗಿರೋದು ನನ್ನ ಹಲ್ಲು ತಾನೇ? ನಾನು ಕಣ್ಣು ಮುಚ್ಕೊಂಡ್ರೆ ಆಗಲ್ವಾ?” ಎಂದರು.

ನಾನೂ ಅತ್ತಿಗೆಯೂ ಮುಖ ಮುಖ ನೋಡಿಕೊಂಡೆವು. ಕಣ್ಣು ತೆರೀರಿ, ಕಣ್ಣು ತೆರೀರಿ ಎಂದು ಇಷ್ಟು ವರ್ಷ ಹೇಳಿದ ಬಾಯಿಗೆ ಕಣ್ಣು ಮುಚ್ಚಿ ಎನ್ನುವುದು ಹೊಳೆದೇ ಇರಲಿಲ್ಲ. ಹೋದ ಸಲ ಹೊಳೆದಿದ್ದರೆ ಡಯಲ್ ತಿರುಗಿಸುವುದೇ ಬೇಕಿರಲಿಲ್ಲ. ಅತ್ತಿಗೆ ಬಿದ್ದು ಬಿದ್ದು ನಕ್ಕಳು, ಕಣ್ಣು ಒರೆಸಿಕೊಂಡು ಕ್ಯಾಮೆರಾ ಹಿಡಿದಳು. ಟೀಚರ್ ಕಣ್ಣು ಮುಚ್ಚಿ, ನೀರಿನ ಮೇಲೆ ಮಲಗಿದವರಂತೆ ನೆಮ್ಮದಿಯಾಗಿ ಕೂತರು. ಮಾದರಿ ಹಲ್ಲನ್ನು ಪಕ್ಕದಲ್ಲಿ ನಾನು ಹಿಡಿದೆ. ಐದು ಫೋಟೋ, ಒಂದು ನಿಮಿಷವೂ ಹಿಡಿಯಲಿಲ್ಲ.

“ಈ ಸಲ?” ಎಂದು ಕೇಳಿದರು ಟೀಚರ್, ಪ್ಲಾಸ್ಟಿಕ್ ತೆಗೆದ ಮೇಲೆ.

“ಖಂಡಿತ” ಎಂದಳು ಅತ್ತಿಗೆ. ಅದಕ್ಕೂ ಮೊದಲು ಒಂದು ಸಲ ತಟ್ಟೆಯ ಕಡೆ ನೋಡಿದ್ದನ್ನು ನಾನು ಕಂಡೆ.

ಆಮೇಲಿನ ಮೂರು ವಾರ ಅವಳು ಹಲ್ಲಿನ ಮಾತೇ ಎತ್ತಲಿಲ್ಲ, ಫೋನ್ ರಿಂಗಾದಾಗಲೆಲ್ಲ ನನಗಿಂತ ಮೊದಲು ಎದ್ದಳು. ಕೊನೆಗೆ ಟೀಚರ್ ಫೋನ್ ಬಂತು. ಹಲ್ಲು ಕೂರಿಸಿ ನಾಲ್ಕು ದಿನವಾಗಿತ್ತಂತೆ. ವಯಸ್ಸಾದ ಹಲ್ಲು ಎಂದಿದ್ದ ಆ ಹುಡುಗಿಯ ಮುಂದೆ ಕೂತು ಬೇಕೆಂದೇ ಹಲ್ಲು ಕಿರಿದರಂತೆ.

“ಏನಂದ್ಲು?” ಎಂದಳು ಅತ್ತಿಗೆ.

“ಏನೂ ಅನ್ನಲಿಲ್ಲ. ನೀರಿಗೆ ಹಾರಿದ್ಲು.”

ಇದಾಗಿ ಒಂದು ವರ್ಷ ಕಳೆಯಿತು. ಅಷ್ಟರಲ್ಲಿ ಇನ್ನೂ ಇಪ್ಪತ್ತೆರಡು ಹಲ್ಲು ನಮ್ಮ ಕೋಣೆಯಿಂದ ಹೋಗಿದ್ದವು. ಮೊನ್ನೆ ಟೀಚರ್ ಕೊಳದ ಮಕ್ಕಳನ್ನೆಲ್ಲ ಕಟ್ಟಿಕೊಂಡು ಗುಂಪು ಫೋಟೋ ತೆಗೆಸಲು ಬಂದರು. ಕೋಣೆ ತುಂಬ ಗದ್ದಲ, ಎಲ್ಲರಿಗಿಂತ ಜೋರು ನಗು ಟೀಚರದ್ದೇ. ಕೈ ಬಾಯಿಯ ಹತ್ತಿರ ಸುಳಿಯುತ್ತಿರಲಿಲ್ಲ. ಮಕ್ಕಳು ಚಪ್ಪಲಿ ಹುಡುಕುತ್ತಿದ್ದಾಗ ನನಗೆ ತುಂಟತನ ಬಂತು.

“ಅತ್ತಿಗೆ, ನಿನ್ನ ಹಲ್ಲು ಯಾವುದು ಹೇಳು ನೋಡೋಣ” ಎಂದೆ.

ಟೀಚರ್ ನಗುತ್ತಾ ಹಲ್ಲು ತೋರಿಸಿ ನಿಂತರು. ಅತ್ತಿಗೆ ಕನ್ನಡಕ ಏರಿಸಿಕೊಂಡು ಹತ್ತಿರ ಹೋದಳು. ಒಮ್ಮೆ ಈ ಕಡೆಯಿಂದ ನೋಡಿದಳು, ಒಮ್ಮೆ ಆ ಕಡೆಯಿಂದ ನೋಡಿದಳು. ಅನುಮಾನ ಬಂದು ದೀಪವನ್ನೂ ಒಂದು ಸಲ ಹೊಡೆಸಿದಳು.

“ಎಡಗಡೆದು. ಖಂಡಿತ” ಎಂದಳು.

ಟೀಚರ್ ತಾವೇ ಗೊಂದಲಕ್ಕೆ ಬಿದ್ದು, ಬಾಯಿ ಮುಚ್ಚಿ ನಾಲಿಗೆಯಿಂದ ತಡವಿ ನೋಡಿಕೊಂಡರು. “ಅಲ್ಲಮ್ಮ, ಬಲಗಡೆದು” ಎಂದರು.

ಖಂಡಿತಮ್ಮ ತಪ್ಪಿದ್ದಳು. ಮಕ್ಕಳು ಹೋ ಎಂದು ಕೂಗಿದರು, ನಾನೂ ಕೂಗಿದೆ. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ನಿಂತಳು. ತಪ್ಪಿದ್ದಕ್ಕೆ ಅಷ್ಟು ಸಂತೋಷಪಟ್ಟ ಮುಖವನ್ನು ಆ ಕೋಣೆಯಲ್ಲಿ ಯಾರೂ ಫೋಟೋ ತೆಗೆಯಲಿಲ್ಲ, ಕ್ಯಾಮೆರಾ ಅವಳ ಕೊರಳಲ್ಲಿಯೇ ಇತ್ತು.